ಹಿಸ್ಟರಿ ಕ್ಲಾಸಲ್ಲಿ ಮಣ್ಣಿನ ಅಚ್ಚುಮೊಳೆ, ಮರದ ಪ್ರೆಸ್ಸು: ಏಳು ವಾರದ ಲಾಗ್

ಹಿಸ್ಟರಿ ಪುಸ್ತಕಗಳಲ್ಲಿ ಮುದ್ರಣದ ಬಗ್ಗೆ ಬರೋದು ಎರಡ್ಮೂರು ಸಾಲು ಅಷ್ಟೇ. ಗುಟೆನ್‌ಬರ್ಗ್ ಅಂತ ಒಬ್ಬ, ಮೈನ್ಸ್ ಅಂತ ಒಂದು ಊರು, 1450ರ ದಶಕ, ಅಲ್ಲಿಂದ ಮುಂದೆ ಪುಸ್ತಕ ಅಗ್ಗ ಆಯ್ತು, ಜ್ಞಾನ ಹರಡ್ತು, ಮುಗೀತು. ಮಕ್ಕಳು ಅದನ್ನ ಬಾಯಿಪಾಠ ಮಾಡ್ತಾರೆ, ಪರೀಕ್ಷೇಲಿ ಬರೀತಾರೆ, ಮರೀತಾರೆ. ನಾನು ಹೈಸ್ಕೂಲಲ್ಲಿ ಹಿಸ್ಟರಿ ಹೇಳೋಕೆ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಅಷ್ಟೂ ವರ್ಷ ಪ್ರಾಜೆಕ್ಟ್ ಅಂದ್ರೆ ಥರ್ಮೋಕೋಲಲ್ಲಿ ಕೋಟೆ ಮಾಡೋದು, ಚಾರ್ಟ್ ಮೇಲೆ ಚಿತ್ರ ಅಂಟಿಸೋದು, ಇದನ್ನೇ ಮಾಡಿಸ್ತಿದ್ದೆ. ನೋಡೋಕೇನೋ ಚೆನ್ನಾಗಿರ್ತಿತ್ತು, ಆದ್ರೆ ಮಾಡಿ ಮುಗಿಸಿದ ಮೇಲೆ ಒಂದು ಮಗೂನೂ ಹೊಸ ಪ್ರಶ್ನೆ ಕೇಳ್ತಿರ್ಲಿಲ್ಲ, ಅದೇ ನನ್ನನ್ನ ಕೊರೀತಿತ್ತು. ಈ ಸಲ ಒಂದೇ ರೂಲ್ ಇಟ್ಟೆ, ನಾವು ಮಾಡಿದ ವಸ್ತು ನಿಜವಾಗ್ಲೂ ಕೆಲಸ ಮಾಡ್ಬೇಕು. ಅಚ್ಚಿನ ಮಾಡೆಲ್ ಅಂದ್ರೆ ಅದ್ರಲ್ಲಿ ಅಚ್ಚು ಬೀಳ್ಬೇಕು, ಬೀಳ್ದೇ ಇದ್ರೆ ಯಾಕೆ ಬೀಳ್ಲಿಲ್ಲ ಅಂತ ಹುಡುಕ್ಬೇಕು, ಮಾರ್ಕ್ಸ್ ಇರೋದು ಆ ಹುಡುಕಾಟಕ್ಕೆ.

ಕ್ಲಾಸಲ್ಲಿ 32 ಮಕ್ಕಳು. ಹದಿನಾರು ಹದಿನಾರು ಜನದ ಎರಡು ಗುಂಪು. ಒಂದು ಗುಂಪಿಗೆ ಚೀನಾದ ಬಿ ಷೆಂಗ್ ಮಾಡಿದ ಮಣ್ಣಿನ ಮೊಳೆ (ಮೊಳೆ ಅಂದ್ರೆ ಒಂದೊಂದು ಅಕ್ಷರಕ್ಕೆ ಬಿಡಿಬಿಡಿಯಾಗಿ ಮಾಡಿದ ಪುಟ್ಟ ಅಚ್ಚು), ಇನ್ನೊಂದಕ್ಕೆ ಯುರೋಪಿನ ತಿರುಪಿನ ಪ್ರೆಸ್ಸು. ವಾರಕ್ಕೆ ಎರಡು ಪೀರಿಯಡ್, ಜೊತೆಗೆ ಕೆಲವು ಶನಿವಾರ.

ಮೊದಲ ವಾರ, ಓದು

ಸಾಮಾನು ಮುಟ್ಟೋಕೆ ಮುಂಚೆ ಓದಿಸ್ದೆ. ಬಿ ಷೆಂಗ್ ಬಗ್ಗೆ ನಮಗೆ ಗೊತ್ತಿರೋದೆಲ್ಲ ಬಂದಿರೋದು ಒಂದೇ ಕಡೆಯಿಂದ, ಷೆನ್ ಕುವೊ ಅನ್ನೋ ವಿದ್ವಾಂಸ ಅಧಿಕಾರಿ 1088ರ ಹೊತ್ತಿಗೆ ಬರೆದ ಒಂದು ಪುಸ್ತಕದಲ್ಲಿ ಇರೋ ಒಂದು ಪ್ಯಾರಾ. 1041ರಿಂದ 1048ರ ನಡುವೆ ಒಬ್ಬ ಸಾಮಾನ್ಯ ಮನುಷ್ಯ, ಪದವಿ ಇಲ್ಲ ಅಧಿಕಾರ ಇಲ್ಲ, ಅಂಟು ಮಣ್ಣಲ್ಲಿ ಒಂದೊಂದೇ ಅಕ್ಷರ ಕೊರೆದು ಬೆಂಕೀಲಿ ಸುಟ್ಟು ಗಟ್ಟಿ ಮಾಡ್ದ. ಕಬ್ಬಿಣದ ತಟ್ಟೆ ಮೇಲೆ ಪೈನ್ ಮರದ ರಾಳ, ಮೇಣ, ಕಾಗದದ ಬೂದಿ ಹರಡಿ, ಮೇಲೆ ಕಬ್ಬಿಣದ ಚೌಕಟ್ಟಿಟ್ಟು ಮೊಳೆಗಳನ್ನ ಒತ್ತೊತ್ತಾಗಿ ಜೋಡಿಸ್ತಿದ್ದ. ತಟ್ಟೆ ಬಿಸಿ ಮಾಡಿದ್ರೆ ಮೇಣ ಕರಗುತ್ತೆ, ಆವಾಗ ಒಂದು ಸಮ ಹಲಗೆಯಿಂದ ಮೇಲಿಂದ ಒತ್ತಿದ್ರೆ ಎಲ್ಲಾ ಅಕ್ಷರ ಒಂದೇ ಮಟ್ಟಕ್ಕೆ ಬರುತ್ತೆ, ಆರಿದ ಮೇಲೆ ಅಚ್ಚು ಹಾಕೋದು. ಕೆಲಸ ಆದ್ಮೇಲೆ ಮತ್ತೆ ಬಿಸಿ ಮಾಡಿದ್ರೆ ಮೊಳೆಗಳು ತಾವೇ ಬಿಟ್ಕೊಳ್ತವೆ.

ಇದನ್ನ ಸುಮ್ನೆ ಓದಿದಾಗ ಮಕ್ಕಳಿಗೆ ಒಂದು ಅಡುಗೆ ವಿಧಾನ ಓದಿದ ಹಾಗೆ ಇತ್ತು. ಬೂದಿ ಯಾಕೆ, ಒತ್ತೋ ಹಲಗೆ ಯಾಕೆ, ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಒಂದು ನೋಟ್‌ಬುಕ್ಕಲ್ಲಿ ಮೂರು ಕಾಲಂ ಹಾಕಿಸ್ದೆ, ಮೂಲದಲ್ಲಿ ಏನಿದೆ, ನಾವು ಏನು ಮಾಡಿದ್ವಿ, ನಮ್ಮ ಊಹೆ ಏನು. ಈ ಮೂರನೇ ಕಾಲಂ ಮೇಲೆ ನಾನು ತುಂಬಾ ಹಠ ಮಾಡ್ದೆ, ಯಾಕಂದ್ರೆ ಹಿಸ್ಟರಿ ಓದೋ ಮಕ್ಕಳು ಮೂಲದಲ್ಲಿ ಇರೋದನ್ನೂ ತಮಗೆ ಅನ್ಸಿದ್ದನ್ನೂ ಒಂದೇ ವಾಕ್ಯದಲ್ಲಿ ಕಲಸಿಬಿಡ್ತಾರೆ, ಅದು ಒಂದ್ಸಲ ಅಭ್ಯಾಸ ಆದ್ರೆ ಬಿಡಿಸೋದು ಕಷ್ಟ.

ಆ ಕಾಲಂ ಮೊದಲ ದಿನಾನೇ ಕೆಲಸಕ್ಕೆ ಬಂತು. ಅಕ್ಷರ ನಾಣ್ಯದ ಅಂಚಿನಷ್ಟು ತೆಳು ಅಂತ ಷೆನ್ ಕುವೊ ಬರೀತಾನೆ. ತೆಳು ಅಂದ್ರೆ ಮೊಳೆಯ ದಪ್ಪನಾ ಇಲ್ಲ ಕೊರೆದ ಆಳನಾ? ಅರ್ಧ ಪೀರಿಯಡ್ ಜಗಳ ಆಯ್ತು. ಕೊನೆಗೆ ಕೊರೆದ ಆಳ ಅಂತ ಇಟ್ಕೊಂಡು 2 ಮಿಲಿಮೀಟರ್ ಕೊರೆಯೋಣ ಅಂತ ತೀರ್ಮಾನ ಮಾಡಿ ಅದನ್ನ ಊಹೆ ಕಾಲಂನಲ್ಲೇ ಬರೆದ್ರು.

ಯಾವ ಸಾಲು ಅಚ್ಚು ಹಾಕೋದು

ಮಕ್ಕಳೇ ಬರೆದ ಕರಪತ್ರದ ಸಾಲು ಇದು: ನಾಳೆ ನಮ್ಮ ಕ್ಲಾಸಲ್ಲಿ ನಾಟಕ ಇದೆ ನೀವೂ ಬನ್ನಿ. ಎಣಿಸಿದ್ರೆ ಸರಿಯಾಗಿ ಹದಿನಾರು ಅಕ್ಷರ, ಒಬ್ಬೊಬ್ಬರಿಗೆ ಒಂದೊಂದು. ಇಲ್ಲೊಂದು ಒಳ್ಳೆ ಲೆಕ್ಕ ಸಿಕ್ತು. ಹದಿನಾರರಲ್ಲಿ ಐದು ನಕಾರದ ಮನೆಯವೇ (ನಾ, ನ, ಮತ್ತೆ ನಾ, ನೀ, ನ್ನಿ), ಆದ್ರೆ ಆ ಐದರಲ್ಲಿ ಹಾಗ್ಹಾಗೇ ಎರಡನೇ ಸಲ ಉಪಯೋಗಕ್ಕೆ ಬರೋದು ನಾ ಒಂದೇ. ಮ್ಮ, ಕ್ಲಾ, ಲ್ಲಿ, ನ್ನಿ ನಾಲ್ಕೂ ಒತ್ತಕ್ಷರ. ಒತ್ತನ್ನ ಬೇರೆ ಮೊಳೆ ಮಾಡಿ ಕೆಳಗೆ ಕೂರಿಸೋದಾ ಅಥವಾ ಪೂರ್ತಿ ಅಕ್ಷರಾನ ಒಂದೇ ಮೊಳೆ ಮಾಡೋದಾ? ಬೇರೆ ಮಾಡಿದ್ರೆ ಮೊಳೆಗಳ ಬಗೆ ಕಮ್ಮಿ ಆಗುತ್ತೆ ಆದ್ರೆ ಜೋಡಿಸೋದು ಕಷ್ಟ, ಒಂದೇ ಮಾಡಿದ್ರೆ ಜೋಡಿಸೋದು ಸುಲಭ ಆದ್ರೆ ಬಗೆ ನೂರಾರು ಆಗುತ್ತೆ. ನಾವು ಪೂರ್ತಿ ಅಕ್ಷರವೇ ಒಂದು ಮೊಳೆ ಅಂತ ಇಟ್ಕೊಂಡ್ವಿ.

ಬಿ ಷೆಂಗ್‌ಗೂ ಇದೇ ತಲೆನೋವು, ಅವನಿಗೆ ಇನ್ನೂ ದೊಡ್ಡದು, ಸಾವಿರಾರು ಅಕ್ಷರ. ಪದೇಪದೇ ಬರೋ ಅಕ್ಷರಕ್ಕೆ ಇಪ್ಪತ್ತಕ್ಕೂ ಹೆಚ್ಚು ಮೊಳೆ ಮಾಡಿ ಇಟ್ಕೊಂಡಿದ್ದ ಅಂತ ಷೆನ್ ಕುವೊ ಬರೀತಾನೆ. ಗುಟೆನ್‌ಬರ್ಗ್ ಹತ್ರ ಇದ್ದಿದ್ದು ಲ್ಯಾಟಿನ್ ಲಿಪಿ, ಅಕ್ಷರಗಳು ಬೆರಳೆಣಿಕೆ, ಆದ್ರೂ ಅವನು ಬೈಬಲ್ಲಿಗೆ 250ಕ್ಕೂ ಹೆಚ್ಚು ಬಗೆಯ ಮೊಳೆ ಮಾಡ್ದ, ದೊಡ್ಡಕ್ಷರ, ಕೂಡಕ್ಷರ, ಸಂಕ್ಷೇಪ ಚಿಹ್ನೆ, ಒಂದೇ ಅಕ್ಷರದ ಅಗಲ ಬೇರೆ ಬೇರೆ ರೂಪ, ಎಲ್ಲಾ ಸೇರಿ. ಸಾಲಿನ ಎರಡೂ ಅಂಚು ಸಮ ಬರ್ಬೇಕು ಅನ್ನೋ ಆಸೆಗೆ. ಇದನ್ನ ಹೇಳ್ದಾಗ ಒಬ್ಬ ಹುಡುಗಿ "ಹಾಗಾದ್ರೆ ಅವ್ರು ಕೈಬರಹದ ಪುಸ್ತಕದ ಥರಾನೇ ಕಾಣ್ಲಿ ಅಂತ ಮಾಡಿದ್ರಾ ಮೇಡಂ" ಅಂದ್ಲು. ಹೌದು, ಹಾಗೇ. ಆ ಪ್ರಶ್ನೆ ಚಾರ್ಟ್ ಅಂಟಿಸಿದ್ರೆ ಬರ್ತಿರ್ಲಿಲ್ಲ.

ಮಣ್ಣಿನ ಗುಂಪು, ಎರಡನೇ ವಾರದಿಂದ

ಮೊದಲು ತಪ್ಪು ಮಾಡಿದ್ವಿ. ಸುಡೋ ರಗಳೆ ಬೇಡ ಅಂತ ಗಾಳಿಗೆ ಒಣಗೋ ಕ್ರಾಫ್ಟ್ ಕ್ಲೇ ತಂದು ಮೊಳೆ ಮಾಡಿಸ್ದೆ. ಒಣಗಿದ ಮೇಲೆ ಕಲ್ಲಿನ ಥರ ಇತ್ತು, ಅಂಚು ಚೂಪಾಗಿತ್ತು, ಮಕ್ಕಳಿಗೆ ಖುಷಿ. ನೀರಿನ ಇಂಕು ಹಚ್ಚಿ ಒಂದು ಎರಡು ಮೂರು ಹಾಳೆ ತೆಗೆದ್ವಿ, ಐದನೇ ಹಾಳೆ ಹೊತ್ತಿಗೆ ಅಕ್ಷರದ ಗೆರೆಗಳು ಊದ್ಕೊಂಡು ಒಂದಕ್ಕೊಂದು ಅಂಟೋಕೆ ಶುರುವಾದ್ವು, ಎಂಟನೇ ಹಾಳೇಲಿ ಲ್ಲಿ ಬರೀ ಒಂದು ಕಪ್ಪು ಮುದ್ದೆ. ಬೆರಳಲ್ಲಿ ಉಜ್ಜಿದ್ರೆ ಮಣ್ಣು ಬೆರಳಿಗೇ ಬರ್ತಿತ್ತು. ಆವಾಗ ಒಬ್ಬ ಹುಡುಗ ನೋಟ್‌ಬುಕ್ ತೆಗೆದು ಮೊದಲ ಕಾಲಂ ಮೇಲೆ ಬೆರಳಿಟ್ಟು "ಮೇಡಂ, ಇಲ್ಲಿ ಸುಟ್ಟು ಅಂತ ಇದೆ" ಅಂದ. ಎರಡು ವಾರದ ಹಿಂದೆ ಅವನೇ ಬರ್ಕೊಂಡಿದ್ದ ಪದ ಅದು, ಅರ್ಥ ಆಗಿದ್ದು ಈಗ.

ಹಾಗಾಗಿ ಮತ್ತೆ ಮೊದಲಿಂದ. ಈ ಸಲ ನಿಜವಾದ ಜೇಡಿಮಣ್ಣು (ಕ್ರಾಫ್ಟ್ ಕ್ಲೇ ಸುಡೋಕೆ ಹೋಗ್ಬೇಡಿ, ಅದು ಸುಡೋಕೆ ಮಾಡಿದ್ದಲ್ಲ). ಐದು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಸಣ್ಣ ಮರಳು ಸೇರಿಸಿ ಚೆನ್ನಾಗಿ ನಾದಿ, ಒಳಗಿನ ಗಾಳಿ ಹೋಗೋ ತನಕ ಹಲಗೆ ಮೇಲೆ ಬಡಿದು, 20 ಮಿಲಿಮೀಟರ್ ಚೌಕದ ಪಟ್ಟಿಗಳಾಗಿ ಕತ್ತರಿಸಿದ್ವಿ. ಒಣಗಿ ಸುಟ್ಟ ಮೇಲೆ ಅಳೆದ್ರೆ 18 ಮಿಲಿಮೀಟರ್, ಅಂದ್ರೆ ಹತ್ತರಲ್ಲಿ ಒಂದು ಪಾಲು ಕುಗ್ಗಿತ್ತು. ನೀವು ಚೌಕಟ್ಟನ್ನ ಮೊದಲೇ ಮಾಡಿಡೋ ಹಾಗಿದ್ರೆ ಇದನ್ನ ಲೆಕ್ಕ ಹಾಕಿ ಮಾಡಿ, ನಾವು ಹಾಕಿರ್ಲಿಲ್ಲ, ಚೌಕಟ್ಟನ್ನ ಎರಡು ಸಲ ಕುಯ್ದ್ವಿ.

ಕೊರೆಯೋದು ಮಣ್ಣು ಪೂರ್ತಿ ಒಣಗೋಕೆ ಮುಂಚೆ, ಉಗುರಲ್ಲಿ ಒತ್ತಿದ್ರೆ ಗುರುತು ಬೀಳ್ಬೇಕು ಆದ್ರೆ ಬೆರಳಿಗೆ ಅಂಟ್ಬಾರ್ದು, ಆ ಹದದಲ್ಲಿ. ಟ್ರೇಸಿಂಗ್ ಪೇಪರ್ ಮೇಲೆ ಅಕ್ಷರ ಬರೆದು, ಹಾಳೇನ ಮಗುಚಿ ಮಣ್ಣಿನ ಮೇಲಿಟ್ಟು, ಸೂಜಿಯಿಂದ ಗೆರೆ ಉದ್ದಕ್ಕೂ ಚುಚ್ಕೊಂಡು ಹೋಗಿ, ಆಮೇಲೆ ಗೆರೆ ಬಿಟ್ಟು ಸುತ್ತಲಿನ ಮಣ್ಣನ್ನ ತೆಗೆಯೋದು. ಎಲ್ಲರಿಗೂ ಕನ್ನಡಿ ಅಕ್ಷರ ಅಂತ ಹೇಳಿದ್ರೂ ಇ ಮಾತ್ರ ನೆಟ್ಟಗೇ ಕೊರೆದು ಬಂತು, ಅದರ ಮೂರಕ್ಕೆ ಮೂರೂ ಪ್ರತಿ. ಕೊರೆದ ಹುಡುಗ ಸಾಲು ಜೋಡಿಸಿ ನೋಡೋ ತನಕ ಒಪ್ಪಲೇ ಇಲ್ಲ, ಆಮೇಲೆ ಮೂರನ್ನೂ ಮತ್ತೆ ಕೊರೆದ. ಸಾಲು ಕೂಡ ಬಲದಿಂದ ಎಡಕ್ಕೆ ಜೋಡಿಸ್ಬೇಕು ಅನ್ನೋದು ಕೈಗೆ ಬರೋಕೆ ಒಂದು ಪೀರಿಯಡ್ ಹಿಡೀತು.

ಒಂದೊಂದು ಅಕ್ಷರಕ್ಕೆ ಮೂರು ಮೂರು, ಒಟ್ಟು 48 ಮೊಳೆ. ಒಂದು ವಾರ ನೆರಳಲ್ಲಿ ಒಣಗಿಸಿ, ಆಮೇಲೆ ತೂತು ಹೊಡೆದ ಕಬ್ಬಿಣದ ಡಬ್ಬೀಲಿ ಮರದ ಹೊಟ್ಟು ತುಂಬಿ ನಡುವೆ ಮೊಳೆ ಹೂತಿಟ್ಟು, ಮೇಲಿಂದ ಬೆಂಕಿ ಕೊಟ್ಟು ಮುಚ್ಚಳ ಇಟ್ವಿ. ಬಯಲಲ್ಲಿ, ಮಕ್ಕಳನ್ನ ದೂರ ನಿಲ್ಸಿ, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಕೊಂಡು. ಅದು ಉರಿಯಲ್ಲ, ಒಳಗೊಳಗೇ ಹೊಗೆಯಾಡ್ತಾ ನಿಧಾನಕ್ಕೆ ಇಳೀತಾ ಹೋಗುತ್ತೆ, ಪೂರ್ತಿ ಆರೋಕೆ ಮಾರನೇ ದಿನ ಬೆಳಗ್ಗೆ ಆಯ್ತು. ಬೂದಿ ಕೆದಕಿದಾಗ 37 ಗಟ್ಟಿಯಾಗಿ ಸಿಕ್ವು, ಕೆಲವು ಕಪ್ಪು ಕೆಲವು ಕೆಂಪು, ಗೋಡೆಗೆ ತಾಗಿಸಿದ್ರೆ ಟಣ್ ಅಂತಿದ್ವು. 11 ಒಡೆದಿದ್ವು. ಒಡೆದದ್ದನ್ನ ಮುರಿದು ನೋಡಿದ್ರೆ ಹೆಚ್ಚಿನವು ದಪ್ಪಗಿದ್ದ ಮೊಳೆಗಳು, ಒಳಗೆ ತೇವ ಉಳ್ಕೊಂಡು ಆವಿಯಾಗಿ ಒಡೆಸಿತ್ತು.

ಒಡೆದ 11ರಲ್ಲಿ ವೂ ಮೂರೂ ಹೋಗಿತ್ತು. ಅದನ್ನ ಕೊರೆದವಳು ಅಳೋ ಹಾಗಾದ್ಲು. ನಾನು ಏನೂ ಹೇಳ್ದೆ ಷೆನ್ ಕುವೊ ಪ್ಯಾರಾನ ಮುಂದೆ ಓದು ಅಂದೆ. ಅದರಲ್ಲಿ ಇದೆ, ಸಿದ್ಧ ಇಲ್ಲದ ಅಪರೂಪದ ಅಕ್ಷರ ಬಂದ್ರೆ ಅಲ್ಲೇ ಕೊರೆದು ಹುಲ್ಲಿನ ಬೆಂಕೀಲಿ ಸುಡ್ತಿದ್ರು, ಕ್ಷಣದಲ್ಲಿ ಸಿದ್ಧ ಆಗ್ತಿತ್ತು ಅಂತ. ಅವಳ ಮುಖ ಬೆಳಗಿತು. ಈ ಸಲ ತೆಳ್ಳಗೆ, 6 ಮಿಲಿಮೀಟರ್ ದಪ್ಪಕ್ಕೆ ಮಾಡಿ, ಬಿಸಿಲಲ್ಲಿ ಎರಡು ದಿನ ಒಣಗಿಸಿ, ಬಿಸಿ ತಟ್ಟೆ ಮೇಲೆ ಇನ್ನೂ ಒಣಗಿಸಿ, ಒಣಹುಲ್ಲಿನ ಬೆಂಕಿಗೆ ಹಾಕಿದ್ವಿ. ನಾಲ್ಕು ಹಾಕಿದ್ದಕ್ಕೆ ಎರಡು ಉಳಿದ್ವು, ಕ್ಷಣದಲ್ಲಿ ಅಲ್ಲ, ಹುಲ್ಲು ಹಾಕ್ತಾ ಹಾಕ್ತಾ ಮುಕ್ಕಾಲು ಗಂಟೆ. ತೆಳು ಅನ್ನೋದು ಮೊಳೆಯ ದಪ್ಪಕ್ಕೇ ಹೇಳಿದ್ದು ಇರ್ಬೇಕು ಅಂತ ಆ ಹುಡುಗಿ ಊಹೆ ಕಾಲಂನಲ್ಲಿ ತಿದ್ದಿ ಬರೆದ್ಲು, ಕಾರಣ ಸಮೇತ. ಅವಳು ಹೇಳಿದ್ದೇ ಸರಿ ಅಂತ ಹೇಳೋಕೆ ಆಗಲ್ಲ, ಆದ್ರೆ ಮಣ್ಣು ಸುಟ್ಟು ನೋಡಿದ ಮೇಲೆ ಬರೆದ ಊಹೆ ಅದು, ಅದಕ್ಕೊಂದು ತೂಕ ಇದೆ.

ಮೇಣ, ರಾಳ, ಬೂದಿ

ರಾಳ ಮೇಣ ಎರಡೂ ಬೆಂಕಿ ಹತ್ತೋ ವಸ್ತು, ಹಾಗಾಗಿ ಇದನ್ನ ನಾನೇ ಮಾಡ್ದೆ, ಉರಿ ಇಲ್ಲದ ಎಲೆಕ್ಟ್ರಿಕ್ ಹಾಟ್ ಪ್ಲೇಟ್ ಮೇಲೆ, ಸಣ್ಣ ಬಿಸಿ ಇಟ್ಟು. ಮೊದಲು ರಾಳ ಎರಡು ಪಾಲು ಮೇಣ ಒಂದು ಪಾಲು ಹಾಕಿದ್ವಿ, ಆರಿದ ಮೇಲೆ ಗಾಜಿನ ಥರ ಬಿರುಕು ಬಿಟ್ಟು ಮೊಳೆ ಕಳಚ್ಕೊಂಡ್ವು. ಬರೀ ಮೇಣ ಹಾಕಿ ನೋಡಿದ್ವಿ, ಮೆತ್ತಗೆ, ಉಜ್ಜಿದ್ರೆ ಮೊಳೆ ಅಲ್ಲಾಡ್ತಿತ್ತು. ಸಮಪಾಲು ಮಾಡಿ ಸುಟ್ಟ ಕಾಗದದ ಬೂದಿ ಒಂದು ಚಮಚ ಬೆರೆಸಿದ ಮೇಲೆ ಹಿಡೀತು. ಬೂದಿ ಹಾಕಿದ್ರೆ ಕರಗಿದಾಗ ನೀರಿನ ಥರ ಹರಿಯಲ್ಲ, ಆರಿದಾಗ ಗಟ್ಟಿ ಇರುತ್ತೆ.

ಮಟ್ಟದ ವಿಷಯ ಇದಕ್ಕಿಂತ ಚೆನ್ನಾಗಿದೆ. ಮೊಳೆಗಳ ಎತ್ತರ ಒಂದೇ ಇರ್ಲಿಲ್ಲ, ಅರ್ಧ ಮಿಲಿಮೀಟರ್ ವ್ಯತ್ಯಾಸ ಇದ್ರೂ ಎತ್ತರದ್ದು ಮಾತ್ರ ಅಚ್ಚು ಬೀಳುತ್ತೆ ಕುಳ್ಳಂದು ಬೀಳಲ್ಲ. ಮಕ್ಕಳು ಕುಳ್ಳ ಮೊಳೆಗಳ ಕೆಳಗೆ ಕಾಗದದ ಚೂರು ಮಡಚಿ ಇಡೋಕೆ ಶುರು ಮಾಡಿದ್ರು, ಒಂದು ಸರಿಹೋದ್ರೆ ಇನ್ನೊಂದು ಕೆಡ್ತಿತ್ತು, ಒಂದಿಡೀ ಪೀರಿಯಡ್ ಹೀಗೇ ಹೋಯ್ತು. ಆಮೇಲೆ ತಟ್ಟೆ ಬಿಸಿ ಮಾಡಿ ಮೇಣ ಮೆತ್ತಗಿದ್ದಾಗ ಮೇಲಿಂದ ಗಾಜಿನ ಹಲಗೆ ಇಟ್ಟು ಒತ್ತಿ, ರಸಮಟ್ಟ ಇಟ್ಟು ನೋಡಿ, ಹಾಗೇ ಆರೋಕೆ ಬಿಟ್ವಿ. ಎರಡು ನಿಮಿಷದಲ್ಲಿ ಹದಿನಾರೂ ಒಂದೇ ಮಟ್ಟ. ಮೇಣ ಇರೋದು ಅಂಟಿಸೋಕೆ ಮಾತ್ರ ಅಲ್ಲ, ಎತ್ತರ ಸರಿ ಮಾಡೋಕೂ ಹೌದು ಅಂತ ಕ್ಲಾಸಲ್ಲಿ ಯಾರಿಗೂ ನಾನು ಹೇಳಬೇಕಾಗ್ಲಿಲ್ಲ.

ಮರದ ಮೊಳೆ ಯಾಕೆ ಬೇಡ ಅಂತಾನೂ ಪರೀಕ್ಷೆ ಮಾಡಿದ್ವಿ. ಎರಡು ಮರದ ಮೊಳೆ ಕೂರಿಸಿದ್ವಿ, ನೀರಿನ ಇಂಕಿಗೆ ಊದ್ಕೊಂಡು ಪಕ್ಕದ ಮೊಳೆಗಿಂತ ಮೇಲೆದ್ವು, ಬಿಡಿಸುವಾಗ ಮೇಣ ಕಚ್ಕೊಂಡಿತ್ತು. ಮರದ ನಾರು ಒಂದೇ ಸಮ ಇರಲ್ಲ, ತೇವ ಹೀರುತ್ತೆ, ಮೇಣಕ್ಕೆ ಅಂಟುತ್ತೆ, ಷೆನ್ ಕುವೊ ಕೊಡೋ ಕಾರಣಗಳೂ ಇವೇ. ಆದ್ರೆ ಇನ್ನೂರೈವತ್ತು ವರ್ಷ ಆದ್ಮೇಲೆ ವಾಂಗ್ ಝೆನ್ ಅನ್ನೋ ಅಧಿಕಾರಿ ಮರದಲ್ಲೇ 60,000ಕ್ಕೂ ಹೆಚ್ಚು ಮೊಳೆ ಕೊರೆಸಿ 1298ರಲ್ಲಿ ಪುಸ್ತಕ ಅಚ್ಚು ಹಾಕಿಸ್ದ. ಅವನು ಮೇಣ ಬಿಟ್ಟ, ಬಿದಿರಿನ ಪಟ್ಟಿ ಮತ್ತೆ ಮರದ ಬೆಣೆ ಹೊಡೆದು ಬಿಗಿ ಮಾಡ್ದ. ಕೊರಿಯಾದಲ್ಲಿ ಲೋಹದ ಮೊಳೆ ಬಂತು, ಅಲ್ಲಿ ಲೋಹದ ಮೊಳೆಯಿಂದ 1377ರಲ್ಲಿ ಅಚ್ಚಾದ ಒಂದು ಬೌದ್ಧ ಪುಸ್ತಕ ಇವತ್ತಿಗೂ ಉಳ್ಕೊಂಡಿದೆ, ಇರೋದು ಪ್ಯಾರಿಸ್ಸಲ್ಲಿ. ಈ ವರ್ಷಗಳನ್ನ ಗೋಡೆ ಮೇಲೆ ದಾರ ಕಟ್ಟಿ ತೂಗುಹಾಕಿದ್ವಿ, ಗುಟೆನ್‌ಬರ್ಗ್ ಬರೋದು ಆ ದಾರದ ತುಂಬಾ ಬಲಕ್ಕೆ.

ಪ್ರೆಸ್ಸಿನ ಗುಂಪು

ಚೌಕಟ್ಟಿಗೆ 5 ಸೆಂಟಿಮೀಟರ್ ದಪ್ಪ 10 ಅಗಲದ ಮರ, ತಿರುಪಿಗೆ ಕೆಲಸಕ್ಕೆ ಬಾರದ ಹಳೇ ಬೆಂಚ್ ವೈಸಿನ ಸ್ಕ್ರೂ, ಒತ್ತೋ ಹಲಗೆಗೆ ಪ್ಲೈವುಡ್ ಮೂರು ಪದರ ಅಂಟಿಸಿದ್ದು. ಎರಡು ಶನಿವಾರದಲ್ಲಿ ನಿಂತ್ಕೊಂಡ್ತು. ಅಕ್ಷರಕ್ಕೆ ಲಿನೋಲಿಯಂ ಕೊರೆದು ಮರದ ತುಂಡಿಗೆ ಅಂಟಿಸಿದ್ವಿ. ಸೀಸ ಕರಗಿಸೋದು ಮಕ್ಕಳ ಹತ್ರ ಬೇಡವೇ ಬೇಡ, ಅದರ ಹೊಗೆ ಧೂಳು ಎರಡೂ ವಿಷ. ಗುಟೆನ್‌ಬರ್ಗ್ ಕಾಲದ ಸೀಸ, ತವರ, ಆಂಟಿಮನಿ ಮಿಶ್ರಣದ ಬಗ್ಗೆ ಬರೀ ಓದಿದ್ವಿ.

ಮೊದಲ ಒತ್ತು. ಹಾಳೆ ತೆಗೆದ್ರೆ ಅಕ್ಷರಗಳೆಲ್ಲ ಬಾಲ ಎಳ್ಕೊಂಡು ಬಂದಿದ್ವು, ಬಲಕ್ಕೆ ಸುಳಿ ಸುತ್ತಿದ ಹಾಗೆ. ತಿರುಪು ತಿರುಗಿಸಿದಾಗ ಅದರ ತುದಿಗಿದ್ದ ಹಲಗೇನೂ ಸ್ವಲ್ಪ ತಿರುಗ್ತಿತ್ತು, ಕಾಗದ ತಾಗಿದ ಮೇಲೂ. ಹಲಗೇನ ಇಬ್ರು ಕೈಯಲ್ಲಿ ಹಿಡ್ಕೊಂಡ್ರು, ಆಗ್ಲಿಲ್ಲ. ಹಳೇ ಪ್ರೆಸ್ಸುಗಳ ರಚನೆ ತೆಗೆದು ನೋಡಿದ್ರೆ ತಿರುಪಿನ ಸುತ್ತ ಒಂದು ಚೌಕ ಮರದ ಪೆಟ್ಟಿಗೆ ಇದೆ, ಅದು ಅಡ್ಡ ಹಲಗೆಯ ಚೌಕ ತೂತಲ್ಲಿ ಮೇಲೆ ಕೆಳಗೆ ಮಾತ್ರ ಹೋಗುತ್ತೆ, ತಿರುಗೋಕೆ ಆಗಲ್ಲ. ತಿರುಪು ಪೆಟ್ಟಿಗೆ ಒಳಗೆ ತಿರುಗುತ್ತೆ, ಹಲಗೆ ತೂಗೋದು ಪೆಟ್ಟಿಗೆಯಿಂದ. ಅದೇ ಥರ ಒಂದು ಮಾಡಿ ಕೂರಿಸಿದ್ವಿ, ಸುಳಿ ನಿಂತ್ಹೋಯ್ತು.

ಎರಡನೇ ತೊಂದರೆ, ಬಲವಾಗಿ ಒತ್ತಿದ್ರೆ ಮೇಲಿನ ತೊಲೆ ಎದ್ದು ಕೀಲು ಕಿರ್ ಅನ್ನೋದು, ಮೂರನೇ ದಿನ ಎಡಗಡೆ ಕೀಲು ಬಿಟ್ಟೇ ಹೋಯ್ತು. ಹಲಗೆ ಕೆಳಕ್ಕೆ ಒತ್ತುವಷ್ಟೇ ಬಲದಿಂದ ತೊಲೆ ಮೇಲಕ್ಕೆ ಹೋಗೋಕೆ ನೋಡುತ್ತೆ, ಅದನ್ನ ನಾವು ಯೋಚ್ನೆನೇ ಮಾಡಿರ್ಲಿಲ್ಲ. ಬರೀ ಗೋಂದು, ಕಬ್ಬಿಣದ ಮೊಳೆ ಸಾಲ್ದು, ಕೀಲನ್ನ ಕುಯ್ದು ತೆಗೆದು ಹೊಸದಾಗಿ ಕೊರೆದು ಆರಪಾರ ಬೋಲ್ಟ್ ಹಾಕಿ, ಎರಡೂ ಕಡೆ ಓರೆ ಆಸರೆ ಕೊಟ್ವಿ. ಹಳೇ ಅಚ್ಚುಕೂಟಗಳಲ್ಲಿ ಪ್ರೆಸ್ಸಿನ ತಲೆಯಿಂದ ಚಾವಣಿಗೆ ಮರದ ಆಸರೆ ಕೊಡ್ತಿದ್ರು, ಅದನ್ನ ಚಿತ್ರದಲ್ಲಿ ನೋಡಿದ್ದಾಗ ಕಟ್ಟಡದ ಕಂಬ ಅಂದ್ಕೊಂಡಿದ್ವಿ.

ಇಂಕು. ನೀರಿನ ಇಂಕನ್ನ ಒಂದು ಲೋಹದ ತಗಡಿನ ಮೇಲೆ ಹಚ್ಚಿಸ್ದೆ, ತಾವರೆ ಎಲೆ ಮೇಲಿನ ನೀರಿನ ಥರ ಗುಂಡಗೆ ನಿಂತ್ಕೊಂಡ್ತು. ಅಗಸೆ ಎಣ್ಣೆಗೆ ದೀಪದ ಮಸಿ ಅರೆದು ಹಾಕಿದ್ದು ಮಾತ್ರ ಸಮವಾಗಿ ಹರಡಿ ಕಚ್ಕೊಂಡ್ತು. ಲೋಹದ ಮೊಳೆಗೆ ಎಣ್ಣೆ ಇಂಕೇ ಯಾಕೆ ಬೇಕಾಯ್ತು ಅನ್ನೋದು ಅಲ್ಲಿಗೆ ಗೊತ್ತಾಯ್ತು. (ಅಗಸೆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಬಿಸಾಕ್ಬೇಡಿ, ತಾನೇ ಬಿಸಿಯಾಗಿ ಹೊತ್ಕೊಳ್ಳುತ್ತೆ. ಬಿಡಿಸಿ ಬಯಲಲ್ಲಿ ಒಣಗಹಾಕಿ, ಇಲ್ಲ ನೀರಲ್ಲಿ ಮುಳುಗಿಸಿಡಿ.) ಹಚ್ಚೋಕೆ ಚರ್ಮದ ಚೆಂಡು, ಒಳಗೆ ಉಣ್ಣೆ ತುಂಬಿದ್ದು, ಯೋಸ್ಟ್ ಅಮ್ಮನ್ ಅನ್ನೋ ಚಿತ್ರಕಾರ 1568ರಲ್ಲಿ ಮಾಡಿದ ಅಚ್ಚುಕೂಟದ ಚಿತ್ರದಲ್ಲಿ ಒಬ್ಬ ಎರಡೂ ಕೈಯಲ್ಲಿ ಅಂಥ ಚೆಂಡು ಹಿಡ್ಕೊಂಡು ಇಂಕು ಹಚ್ತಾ ಇದಾನೆ, ಇನ್ನೊಬ್ಬ ಹಾಳೆ ತೆಗೀತಾ ಇದಾನೆ. ಬಡೀಬೇಕು, ಉಜ್ಜಬಾರ್ದು. ಹಾಳೇನ ಹಿಂದಿನ ದಿನಾನೇ ಸ್ವಲ್ಪ ತೇವ ಮಾಡಿ ಒಂದರ ಮೇಲೊಂದು ಇಟ್ಟು ಭಾರ ಹೇರಿಡ್ಬೇಕು, ಒಣ ಹಾಳೆಗೂ ತೇವದ ಹಾಳೆಗೂ ಅಚ್ಚಿನ ಕಪ್ಪಲ್ಲಿ ಕಣ್ಣಿಗೆ ಹೊಡೆಯೋ ವ್ಯತ್ಯಾಸ.

ಎರಡೂ ಗುಂಪು ಕೂಡಿದ ದಿನ

ಐದನೇ ವಾರ ಎರಡೂ ಕಡೆಯವರು ಬದಲಾಯಿಸಿ ನೋಡೋಣ ಅಂದ್ರು. ಮಣ್ಣಿನ ಮೊಳೆ ತಟ್ಟೆನ ಪ್ರೆಸ್ಸಿಗೆ ಇಟ್ವಿ. ಕಾಲು ಸುತ್ತು ತಿರುಗಿಸಿದ್ದಷ್ಟೇ, ಟಕ್ ಅಂತ ನೀ ಅಕ್ಷರದ ಮೊಳೆ ಎರಡು ಹೋಳು. ಆಮೇಲೆ ಲಿನೋ ಅಕ್ಷರಕ್ಕೆ ನೀರಿನ ಇಂಕು ಹಚ್ಚಿ ಮೇಲೆ ತೆಳು ಕಾಗದ ಇಟ್ಟು ಬ್ರಷ್ಷಲ್ಲಿ ಉಜ್ಜಿದ್ರೆ ಚುಕ್ಕೆ ಚುಕ್ಕೆ ಬಂತು. ಎರಡೂ ಗುಂಪು ಸುಮ್ನಾದ್ರು.

ಬೋರ್ಡ್ ಮೇಲೆ ನಾಲ್ಕು ಪದ ಬರೆದೆ, ಮೊಳೆ, ಇಂಕು, ಕಾಗದ, ಒತ್ತು. ಚೀನಾದಲ್ಲಿ ತೆಳು ಹೀರೋ ಕಾಗದ, ನೀರಿನ ಇಂಕು, ಹಾಗಾಗಿ ಹಾಳೆ ಬೆನ್ನನ್ನ ಬ್ರಷ್ಷಲ್ಲಿ ಸವರಿದ್ರೆ ಸಾಕು, ಪ್ರೆಸ್ಸೇ ಬೇಡ, ಪ್ರೆಸ್ಸಿಲ್ಲದೇ ಇದ್ರೆ ಮಣ್ಣೂ ತಾಳುತ್ತೆ. ಯುರೋಪಲ್ಲಿ ದಪ್ಪ ಗಟ್ಟಿ ಕಾಗದ, ಅದಕ್ಕೆ ಬಲವಾದ ಒತ್ತು ಬೇಕು, ಒತ್ತು ತಾಳೋಕೆ ಲೋಹ ಬೇಕು, ಲೋಹಕ್ಕೆ ಎಣ್ಣೆ ಇಂಕು ಬೇಕು. ಒಂದನ್ನ ಎಳೆದ್ರೆ ಉಳಿದ ಮೂರೂ ಬರ್ತವೆ. ನಾನು ಈ ಏಳು ವಾರದಲ್ಲಿ ಕಲಿಸ್ಬೇಕು ಅಂದ್ಕೊಂಡಿದ್ದು ಇದೊಂದೇ, ಯಾರೋ ಒಬ್ಬ ಒಂದು ದಿನ ಪ್ರೆಸ್ಸು ಕಂಡುಹಿಡಿದ ಅನ್ನೋ ವಾಕ್ಯದಲ್ಲಿ ಇದು ಯಾವುದೂ ಇಲ್ಲ. ಯಾರು ಮುಂದೆ ಯಾರು ಹಿಂದೆ ಅಂತ ಕೇಳ್ತಿದ್ದ ಹುಡುಗ್ರು ಆ ದಿನದಿಂದ ಅವರ ಹತ್ರ ಯಾವ ಕಾಗದ ಇತ್ತು ಅಂತ ಕೇಳೋಕೆ ಶುರು ಮಾಡಿದ್ರು.

ಆ ವಾರದ ಬರವಣಿಗೆ ಕೆಲಸಕ್ಕೆ ಗುಟೆನ್‌ಬರ್ಗ್ ಬಗ್ಗೆ ನಮಗೆ ಹೇಗೆ ಗೊತ್ತು ಅನ್ನೋದನ್ನೇ ಕೊಟ್ಟೆ. ಅವನು ತನ್ನ ವಿಧಾನದ ಬಗ್ಗೆ ಏನೂ ಬರೆದಿಟ್ಟಿಲ್ಲ. ಸಾಲ ಕೊಟ್ಟ ಯೋಹಾನ್ ಫುಸ್ಟ್ ಹಾಕಿದ ಕೇಸಿನ 1455ರ ನವೆಂಬರ್ ದಾಖಲೆ ಇದೆ. ಅದೇ ವರ್ಷ ಮಾರ್ಚಲ್ಲಿ, ಮುಂದೆ ಪೋಪ್ ಆದ ಪಿಕೊಲೊಮಿನಿ ಬರೆದ ಒಂದು ಪತ್ರ ಇದೆ, ಬೈಬಲ್ ಹಾಳೆಗಳ ಅಕ್ಷರ ಎಷ್ಟು ಸ್ಪಷ್ಟ ಅಂದ್ರೆ ಕನ್ನಡಕ ಇಲ್ದೇ ಓದಬಹುದು ಅಂತ. ಎಷ್ಟು ಪ್ರತಿ ಅಂದ್ರೆ ಕೆಲವರು 158 ಅಂತಾರೆ, ಕೆಲವರು 180 ಅಂತಾರೆ ಅಂತಾನೂ ಬರೀತಾನೆ. ಉಳಿದದ್ದೆಲ್ಲ ಉಳ್ಕೊಂಡಿರೋ ಪುಸ್ತಕಗಳನ್ನೇ ನೋಡಿ ತಿಳ್ಕೊಂಡಿದ್ದು. ಪುಸ್ತಕಾನೇ ನೋಡಿ ಹೇಗೆ ತಿಳ್ಕೋತಾರೆ ಮೇಡಂ ಅಂತ ಕೇಳಿದ್ರು. ಅದಕ್ಕೆ ಕೊನೇ ಕೆಲಸ ಹುಟ್ಕೊಂಡ್ತು.

ನಲವತ್ತು ಹಾಳೆ

ಒಡೆದ ನೀ ಅಕ್ಷರಕ್ಕೆ ಬದಲಿ ಮೊಳೆ ಹಾಕಿ, ಮೇಣ ಮತ್ತೆ ಕರಗಿಸಿ ಮಟ್ಟ ಮಾಡಿ, ಮಣ್ಣಿನ ಗುಂಪು ಒಂದೇ ಸಲಕ್ಕೆ ಕೂತು 40 ಹಾಳೆ ತೆಗೀತು. ಪ್ರತಿ ಹಾಳೆ ಹಿಂದೆ ಮೂಲೇಲಿ ಪೆನ್ಸಿಲಲ್ಲಿ ನಂಬರ್, ಅದರ ಮೇಲೆ ಕಾಗದದ ಟೇಪು. ಹಾಳೆಗಳನ್ನ ಕಲಸಿ ಪ್ರೆಸ್ಸಿನ ಗುಂಪಿಗೆ ಕೊಟ್ಟೆ. ಅಚ್ಚಾದ ಕ್ರಮದಲ್ಲಿ ಜೋಡಿಸಿ, ಯಾಕೆ ಅಂತ ಬರೀರಿ ಅಂದೆ. ಅವರು ಆ ದಿನ ಅಲ್ಲಿ ಇರ್ಲಿಲ್ಲ.

ಮೊದಲು ಕಪ್ಪಿನಿಂದ ತೆಳುವಿಗೆ ಜೋಡಿಸಿದ್ರು. ಅರ್ಧ ಗಂಟೆ ಆದ್ಮೇಲೆ ಒಬ್ಳು ತಡೆದು ಹೇಳಿದ್ಲು, ಇಂಕು ಖಾಲಿ ಆದಾಗೆಲ್ಲ ಮತ್ತೆ ಹಚ್ಚಿರ್ತಾರಲ್ವಾ, ಹಾಗಾಗಿ ಕಪ್ಪು ಮತ್ತೆ ಮತ್ತೆ ಬರುತ್ತೆ, ಅದು ಲೆಕ್ಕಕ್ಕೆ ಬರಲ್ಲ ಅಂತ. ಎಲ್ಲಾ ಕಲಸಿ ಮತ್ತೆ ಶುರು. ಭೂತಗನ್ನಡಿ ತಗೊಂಡು ಒಂದೊಂದೇ ಅಕ್ಷರ ನೋಡಿದ್ರು. ನಮ್ಮ ಅನ್ನೋದರ ನ ಸಿಕ್ತು. ಅದರ ತಲೆಕಟ್ಟಿನ ಬಲ ತುದೀಲಿ ಕೆಲವು ಹಾಳೇಲಿ ಗೆರೆ ಪೂರ್ತಿ ಇತ್ತು, ಕೆಲವದರಲ್ಲಿ ಕೂದಲೆಳೆಯಷ್ಟು ಬಿಳಿ ಬಿರುಕು, ಕೆಲವದರಲ್ಲಿ ಒಂದು ಸಾಸಿವೆ ಕಾಳಿನಷ್ಟು ಚೂರು ಹೋಗಿತ್ತು, ಇನ್ನು ಕೆಲವದರಲ್ಲಿ ಆ ತುದಿನೇ ಇಲ್ಲ. ಒಡೆದದ್ದು ಮತ್ತೆ ಕೂಡಲ್ಲ, ಹಾಗಾಗಿ ಅದು ಒಂದೇ ದಿಕ್ಕಿಗೆ ಹೋಗೋ ಗಡಿಯಾರ. ಅದರಿಂದ ನಾಲ್ಕು ಗುಡ್ಡೆ ಆಯ್ತು. ಆಮೇಲೆ ನಾಟಕದ ಟ. ಬಿಸಿಗೆ ಮೇಣ ಸಡಿಲ ಆಗಿ ಅದು ಸ್ವಲ್ಪ ಸ್ವಲ್ಪ ಎಡಕ್ಕೆ ವಾಲ್ತಾ ಹೋಗಿತ್ತು. ಸ್ಕೇಲು ಇಟ್ಟು ಓರೆ ಅಳೆದು ಪ್ರತಿ ಗುಡ್ಡೆ ಒಳಗೆ ಕ್ರಮ ಹಾಕಿದ್ರು. ಎಲ್ಲಿ ಟ ಸಾಲ್ದೋ ಅಲ್ಲಿ ಇಂಕಿನ ಕಪ್ಪು, ಈಗ ಸರಿಯಾದ ಜಾಗದಲ್ಲಿ.

ಹಳೇ ಪುಸ್ತಕಗಳನ್ನ ಅಧ್ಯಯನ ಮಾಡೋರು ಇದನ್ನೇ ಮಾಡ್ತಾರೆ, ಮುಕ್ಕಾದ ಒಂದು ಮೊಳೆನ ಪುಟದಿಂದ ಪುಟಕ್ಕೆ ಹಿಂಬಾಲಿಸಿ ಯಾವ ಹಾಳೆ ಮೊದಲು ಅಚ್ಚಾಯ್ತು ಅಂತ ಹೇಳ್ತಾರೆ. ಅದನ್ನ ನಾನು ಜೋಡಿಸಿ ಮುಗಿಯೋ ತನಕ ಹೇಳ್ಲಿಲ್ಲ.

ಟೇಪು ಬಿಚ್ಚಿದ್ವಿ. 40ರಲ್ಲಿ 36 ಸರಿ ಜಾಗದಲ್ಲಿದ್ವು. 22 ಮತ್ತು 23 ಅದಲುಬದಲು, 34 ಮತ್ತು 35 ಅದಲುಬದಲು. ಅವರು ಬೇಜಾರಾಗಿ ಆ ನಾಲ್ಕು ಹಾಳೆನ ಕಿಟಕಿ ಹತ್ರ ತಗೊಂಡು ಹೋಗಿ ಮತ್ತೆ ಕಾಲು ಗಂಟೆ ನೋಡಿದ್ರು, ನ ನೋಡಿದ್ರು, ಟ ನೋಡಿದ್ರು, ನ್ನಿ ಒತ್ತು ನೋಡಿದ್ರು. ಆಮೇಲೆ ಬಂದು ನೋಟ್‌ಬುಕ್ಕಲ್ಲಿ ಬರೆದ್ರು, "ಈ ಎರಡು ಜೋಡಿಯಲ್ಲಿ ಯಾವುದು ಮೊದಲು ಅಂತ ಹೇಳೋಕೆ ಹಾಳೆಯಲ್ಲಿ ಸಾಕ್ಷಿ ಇಲ್ಲ, ನಾವು ಊಹೆ ಮಾಡಿದ್ವಿ." ಬರೆದಿದ್ದು ಮೂರನೇ ಕಾಲಂನಲ್ಲಿ.